ಪದಬಂಧದ ಸೂಚನೆಗಳು: ಒಂದು ವಿವೇಚನೆ

‘ನೆಲದೊಳಗೆ ಬೆಳೆಯುವ ಎಣ್ಣೆಬೀಜ’ ಎಂಬ ಸೂಚನೆಯನ್ನು ಪದಬಂಧವೊಂದರಲ್ಲಿ ಕಂಡ ಧಾರವಾಡದವನು ಶೇಂಗಾ ಎಂದು ಬರೆಯುತ್ತಾನೆ. ಮೈಸೂರಿನವನು ಕಡಲೆಕಾಯಿ ಎನ್ನುತ್ತಾನೆ. ಮಂಗಳೂರಿನವನಿಗೆ ಅದು ನೆಲಗಡಲೆ. ಮೂವರೂ ಬರೆದುದು ಕನ್ನಡವೇ, ಮೂವರೂ ಬರೆದುದು ಸರಿಯೇ. ಆದರೆ ಮರುದಿನ ಪತ್ರಿಕೆಯಲ್ಲಿ ಪ್ರಕಟವಾಗುವ ಉತ್ತರ ಒಂದೇ. ಉಳಿದಿಬ್ಬರು ತಪ್ಪಿದವರ ಸಾಲಿಗೆ ಸೇರುತ್ತಾರೆ. ಅವರವರ ಸೀಮೆಯಲ್ಲಿಯೇ ನೆಲೆಸಿರುವವರಿಗೆ ಈ ತೊಡಕು ಅಷ್ಟಾಗಿ ತೋರದು. ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಸಂಘಗಳಲ್ಲಿಯಾದರೋ ಈ ಮೂವರೂ ಒಂದೇ ಜಮಖಾನೆಯ ಮೇಲೆ ಕುಳಿತು ಒಂದೇ ಪತ್ರಿಕೆಯನ್ನು ಓದುವವರಾದುದರಿಂದ, ಪದಬಂಧದ ರಚಕನು ಯಾವ ಸೀಮೆಯವನೆಂಬುದೇ ಅಲ್ಲಿ ಮೊದಲ ಸುಳಿವಾಗಿ ಪರಿಣಮಿಸುತ್ತದೆ.

ಮನೆಗಳ ಸಂಖ್ಯೆ ಈ ವ್ಯಾಜ್ಯವನ್ನು ಅರ್ಧ ಮಾತ್ರ ತೀರಿಸುತ್ತದೆ. ಎರಡು ಮನೆಗಳಿದ್ದರೆ ಶೇಂಗಾ ಎಂಬುದು ನಿಶ್ಚಯ. ಐದು ಮನೆಗಳಿದ್ದರೆ ಕಡಲೆಕಾಯಿಗೂ ಐದಕ್ಷರ, ನೆಲಗಡಲೆಗೂ ಐದಕ್ಷರ. ಅಡ್ಡಹಾಯುವ ಪದದಿಂದ ಮೂರನೆಯ ಮನೆಗೆ ‘ಲೆ’ ಬಂದಿತೋ ‘ಗ’ ಬಂದಿತೋ ಎಂದು ನೋಡಿಯೇ ತೀರ್ಮಾನಿಸಬೇಕು. ಎಂದರೆ ಸೂಚನೆಯು ತನ್ನ ಹೊರೆಯನ್ನು ತಾನು ಹೊರದೆ ಪಕ್ಕದ ಪದದ ಹೆಗಲಿಗೆ ವರ್ಗಾಯಿಸಿತು ಎಂದಾಯಿತು. ನೆಲಗಡಲೆ ಎಂಬ ಮಾತನ್ನೇ ಕೇಳದ ಧಾರವಾಡದವನಿಗೆ ಆ ಪದವನ್ನು ಊಹಿಸಿ ಕಟ್ಟಿಕೊಳ್ಳಲು ಯಾವ ಆಧಾರವೂ ಇಲ್ಲಿ ಇಲ್ಲ. ಕನ್ನಡ ಪತ್ರಿಕೆಗಳ ಪದಬಂಧಗಳಲ್ಲಿ ಬಹುಪಾಲು ಸೂಚನೆಗಳು ಇಂತಹ ಪರ್ಯಾಯಪದದ ಸೂಚನೆಗಳೇ ಆಗಿವೆ.

ಇದು ಬರಿಯ ವಿನೋದದ ಮಾತೆಂದು ತಳ್ಳಿಬಿಡುವಂತಿಲ್ಲ. ಒಮ್ಮೆ ಇದು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ನಿಂತಿತ್ತು. ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಬಹುಮಾನದ ಪದಸ್ಪರ್ಧೆಯನ್ನು ನಡೆಸುತ್ತಿದ್ದು, ಅದಕ್ಕೆ ಮುಂಬಯಿ ರಾಜ್ಯದಲ್ಲಿ ವಿಪುಲ ಪ್ರಚಾರವಿದ್ದಿತು. ಆ ರಾಜ್ಯ ೧೯೪೮ರ ತನ್ನ ಕಾಯಿದೆಯನ್ನು ೧೯೫೨ರಲ್ಲಿ ತಿದ್ದಿ, ರಾಜ್ಯದ ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆಯನ್ನು ವಿಧಿಸಿದಾಗ ವ್ಯಾಜ್ಯ ಹುಟ್ಟಿತು. ಆರ್. ಎಂ. ಡಿ. ಚಮರ್‌ಬಾಗ್‌ವಾಲಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ೧೯೫೭ರ ಏಪ್ರಿಲ್ ೯ರಂದು ತೀರ್ಪಿತ್ತ ನ್ಯಾಯಾಲಯ, ಆ ಸ್ಪರ್ಧೆಯನ್ನು ಜೂಜೆಂದೇ ಎಣಿಸಿತು. ಕಾರಣ ಗಮನಾರ್ಹವಾದುದು. ಸೂಚನೆಗೆ ಅತ್ಯಂತ ಉಚಿತವಾದ ಪದವನ್ನು ಬಿಟ್ಟು, ಅಷ್ಟು ಉಚಿತವಲ್ಲದ ಪದವನ್ನೇ ಅಧಿಕೃತ ಉತ್ತರವೆಂದು ಆರಿಸುವ ಸ್ವಾತಂತ್ರ್ಯ ಸ್ಪರ್ಧಾಸಮಿತಿಗೆ ಇದ್ದಿತು. ಹಾಗಿರುವಾಗ ಬಿಡಿಸುವವನ ಕೌಶಲ ಎಷ್ಟಿದ್ದರೂ ನಿಷ್ಪ್ರಯೋಜಕ, ಉಳಿಯುವುದು ಅದೃಷ್ಟವೊಂದೇ ಎಂಬುದು ನ್ಯಾಯಾಲಯದ ತರ್ಕ. ೧೯೫೫ರಲ್ಲಿ ಕೇಂದ್ರ ಸಂಸತ್ತು ಮಾಡಿದ ಬಹುಮಾನ ಸ್ಪರ್ಧೆಗಳ ಕಾಯಿದೆ ತಿಂಗಳಿಗೆ ಸಾವಿರ ರೂಪಾಯಿಗೆ ಮೀರಿದ ಬಹುಮಾನಗಳನ್ನು ನಿಷೇಧಿಸಿತ್ತು. ಅದೇ ದಿನದ ಮತ್ತೊಂದು ತೀರ್ಪಿನಲ್ಲಿ, ಮುಖ್ಯವಾಗಿ ಕೌಶಲವನ್ನೇ ಅವಲಂಬಿಸಿದ ಸ್ಪರ್ಧೆಗಳು ಆ ಕಾಯಿದೆಗೆ ಒಳಪಡವೆಂದು ನ್ಯಾಯಾಲಯ ವಿಂಗಡಿಸಿತು. ಬಹುಮಾನದ ಹಣ ಇಲ್ಲಿಯ ವಿಷಯವಲ್ಲ. ಆದರೆ ಒಂದು ಸೂಚನೆಗೆ ಎರಡು ಮೂರು ಉತ್ತರಗಳು ಸಮನಾಗಿ ಹೊಂದುವಾಗ, ಅವುಗಳಲ್ಲಿ ಒಂದನ್ನು ಆರಿಸುವುದು ಬುದ್ಧಿಯ ಕೆಲಸವಲ್ಲವೆಂಬ ತತ್ತ್ವ ಹಣವಿಲ್ಲದ ಪದಬಂಧಕ್ಕೂ ಅಷ್ಟೇ ಸಲ್ಲುತ್ತದೆ.

ಇಂಗ್ಲಿಷ್ ಪದಬಂಧವೂ ಆರಂಭದಲ್ಲಿ ಇದೇ ಸ್ಥಿತಿಯಲ್ಲಿದ್ದಿತು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಕರ್ತನು ೧೯೧೩ರ ಡಿಸೆಂಬರ್ ೨೧ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ರವಿವಾರದ ಪುರವಣಿಗೆ ವಜ್ರಾಕಾರದ ಮೊದಲ ಪದಬಂಧವನ್ನು ರಚಿಸಿಕೊಟ್ಟನು. ಅವನಿಟ್ಟ ಹೆಸರು ‘ವರ್ಡ್‌ಕ್ರಾಸ್’. ಕೆಲವು ವಾರಗಳ ತರುವಾಯ ಅಚ್ಚಿನ ಮನೆಯವರ ಕೈತಪ್ಪಿನಿಂದ ಅದು ತಿರುವುಮುರುವಾಗಿ ‘ಕ್ರಾಸ್‌ವರ್ಡ್’ ಆಯಿತು. ಅಕ್ಷರಗಳ ತಿರುವುಮುರುವನ್ನೇ ಜೀವನೋಪಾಯವಾಗಿಸಿಕೊಂಡ ಆಟಕ್ಕೆ ಇದಕ್ಕಿಂತ ತಕ್ಕ ನಾಮಕರಣ ದೊರೆಯಲಾರದು. ವಿನ್ನನ ಸೂಚನೆಗಳೆಲ್ಲ ನಿಘಂಟಿನ ಅರ್ಥಗಳೇ. ಆಟವು ಇಂಗ್ಲೆಂಡಿಗೆ ಸಾಗಿದ ಮೇಲೆ ಬೇರೊಂದು ತಿರುವು ಪಡೆಯಿತು. ‘ಅಬ್ಸರ್ವರ್’ ಪತ್ರಿಕೆಗೆ ೧೯೨೬ರಿಂದ ೧೯೩೯ರವರೆಗೆ ಪದಬಂಧಗಳನ್ನು ರಚಿಸಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್, ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯಾದ ಟಾರ್ಕೆಮಾಡಾನ ಹೆಸರನ್ನು ಇಟ್ಟುಕೊಂಡು, ನೇರವಾದ ಅರ್ಥವನ್ನು ಕೈಬಿಟ್ಟು ಗೂಢಸೂಚನೆಗಳಿಂದಲೇ ಬಂಧವನ್ನು ಕಟ್ಟಿದನು. ಅವನ ಉತ್ತರಾಧಿಕಾರಿ ಡಿ. ಎಸ್. ಮ್ಯಾಕ್‌ನಟ್ ಗ್ರೀಕ್ ಲ್ಯಾಟಿನ್‌ಗಳ ಅಧ್ಯಾಪಕ. ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರಿನಲ್ಲಿ ಕ್ಸಿಮೆನೀಸ್ ಎಂದು ಬರೆದನು. ೧೯೭೨ರಿಂದ ಆ ಪೀಠಕ್ಕೆ ಬಂದವನ ಹೆಸರು ಅಜೆಡ್. ಅದು ಡೆಜಾ ಎಂಬ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿಸಿದ್ದು!

ಇವರಲ್ಲಿ ನಿಯಮಕಾರನೆಂದರೆ ಮ್ಯಾಕ್‌ನಟ್. ೧೯೬೬ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಪ್ರತಿಪಾದಿಸಿದ ತತ್ತ್ವದ ಸಾರ ಇಷ್ಟು: ಒಳ್ಳೆಯ ಸೂಚನೆಯಲ್ಲಿ ಉತ್ತರದ ಖಚಿತವಾದ ಅರ್ಥವೊಂದು ಇರತಕ್ಕದ್ದು, ಅದಲ್ಲದೆ, ಅಕ್ಷರಗಳ ಮೂಲಕ ಅದೇ ಉತ್ತರಕ್ಕೆ ಒಯ್ಯುವ ಎರಡನೆಯ ದಾರಿಯೊಂದು ಇರತಕ್ಕದ್ದು, ಇವೆರಡನ್ನು ಬಿಟ್ಟು ಬೇರೊಂದು ಪದವೂ ಇರಕೂಡದು. ಮೋಸವೆಲ್ಲ ಮೇಲ್ನೋಟಕ್ಕೆ ತೋರುವ ವಾಕ್ಯಾರ್ಥದಲ್ಲಿ ಇರಬೇಕೇ ಹೊರತು ಒಳಗಿನ ಲೆಕ್ಕದಲ್ಲಿ ಅಲ್ಲ. ಇಂಗ್ಲಿಷ್ ರಚಕರು ನದಿಯನ್ನು ‘ಫ್ಲವರ್’ ಎಂದು ಕರೆಯುವುದುಂಟು. ಓದುಗನು ಹೂವನ್ನು ನೆನೆದರೆ ದಾರಿ ತಪ್ಪಿದನು, ‘ಫ್ಲೋ’ ಎಂಬ ಧಾತುವಿಗೆ ಕರ್ತೃಪ್ರತ್ಯಯ ಹತ್ತಿ ‘ಹರಿಯುವಂಥದು’ ಎಂದಾಗುವುದನ್ನು ಕಂಡರೆ ಗೆದ್ದನು. ಗೂಢಸೂಚನೆ ಕಠಿನವೆಂಬುದು ಸಾಮಾನ್ಯ ಅಭಿಪ್ರಾಯ. ವಾಸ್ತವದಲ್ಲಿ ಅದು ಪರ್ಯಾಯಪದದ ಸೂಚನೆಗಿಂತ ಹೆಚ್ಚು ನ್ಯಾಯವಾದುದು. ಉತ್ತರ ದೊರೆತಾಗ ಎರಡು ದಾರಿಗಳೂ ಅಲ್ಲಿ ಕೂಡುವುದರಿಂದ, ಬಿಡಿಸುವವನು ಮರುದಿನದ ಪತ್ರಿಕೆಗಾಗಿ ಕಾಯಬೇಕಾಗಿಲ್ಲ. ತಾನು ಸರಿಯೆಂದು ತನಗೇ ಗೊತ್ತಾಗುತ್ತದೆ.

ಹೊರನಾಡಿನ ವಿದ್ಯಾವಂತ ಕನ್ನಡಿಗರ ಮನೆಗಳಲ್ಲಿ ಒಂದು ವಿಚಿತ್ರವಾದ ಕಾರ್ಯವಿಭಾಗ ನಡೆದುಬಂದಿದೆ. ಬೆಳಗಿನ ರೈಲುಗಾಡಿಯಲ್ಲಿ ಇಂಗ್ಲಿಷ್ ಪತ್ರಿಕೆಯ ಗೂಢಸೂಚನೆಗಳೊಡನೆ ಸೆಣಸುವುದು ಬುದ್ಧಿಯ ಕೆಲಸ. ಮನೆಯಲ್ಲಿ ಕನ್ನಡ ಪದಬಂಧವನ್ನು ತುಂಬುವುದು ಕಾಲಹರಣ. ಕನ್ನಡದಲ್ಲಿ ಅಂತಹ ಸೂಚನೆ ಸಾಧ್ಯವಿಲ್ಲ, ಅದು ಇಂಗ್ಲಿಷಿನ ಗುಣ ಎಂಬ ಸಮಾಧಾನವೂ ಜೊತೆಗೆ ಇದೆ. ಈ ಸಮಾಧಾನಕ್ಕೆ ಆಧಾರವುಂಟೆ?

ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದವನ್ನು ತೆರೆದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಕನ್ನಡದ ಕವಿರಾಜಮಾರ್ಗಕ್ಕೆ ಬಹಳ ಮಟ್ಟಿಗೆ ಆಕರವಾದ ಆ ಗ್ರಂಥದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳ ವಿವೇಚನೆ ಇದೆ. ಪದಗಳ ಸಂಧಿಯಲ್ಲಿ ಅರ್ಥವನ್ನು ಅಡಗಿಸುವುದು ‘ಸಮಾಗತಾ’. ಬೇರೆ ಅರ್ಥದಲ್ಲಿ ರೂಢವಾದ ಪದದಿಂದ ವಂಚಿಸುವುದು ‘ವಂಚಿತಾ’. ಪರ್ಯಾಯಪದಗಳನ್ನು ಜೋಡಿಸಿ ಹೆಸರೊಂದನ್ನು ಕಟ್ಟುವುದು ‘ಸಮಾನಶಬ್ದಾ’. ಇಂಗ್ಲಿಷ್ ರಚಕನ ಉಪಾಯಗಳಲ್ಲಿ ಮುಖ್ಯವಾದ ಮೂರು ಇಲ್ಲಿಯೇ ಇವೆ. ವಿನೋದಗೋಷ್ಠಿಯಲ್ಲಿಯೂ, ಜನರ ನಡುವೆ ಗುಟ್ಟು ನುಡಿಯುವುದಕ್ಕೂ, ಪರರನ್ನು ಬೆರಗುಗೊಳಿಸುವುದಕ್ಕೂ ಇವು ಉಪಯುಕ್ತವೆಂದು ದಂಡಿಯ ಮತ. ಇನ್ನು ಮನೆಗಳನ್ನು ಕೊರೆದು ಅಕ್ಷರಗಳನ್ನು ತುಂಬುವ ಮಾತು. ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಕಾಳಿದಾಸನೊಡನೆ ಹೆಸರಿಸಿದ ಭಾರವಿಯು, ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ‘ಸರ್ವತೋಭದ್ರ’ವನ್ನು ರಚಿಸಿದ್ದಾನೆ: ಎಂಟು ಮನೆ ಅಗಲ, ಎಂಟು ಮನೆ ಎತ್ತರ, ಮನೆಗೊಂದಕ್ಷರ, ಯಾವ ದಿಕ್ಕಿನಿಂದ ಓದಿದರೂ ಅದೇ ಪದ್ಯ. ‘ಪದಬಂಧ’ ಎಂಬ ಕನ್ನಡ ಹೆಸರಿನ ‘ಬಂಧ’ ಚಿತ್ರಕಾವ್ಯದ ಚಕ್ರಬಂಧ, ಪದ್ಮಬಂಧಗಳನ್ನು ನೆನಪಿಗೆ ತರುವುದು ಸಹಜವೇ ಆಗಿದೆ. ಕನಕದಾಸರ ಮುಂಡಿಗೆಗಳನ್ನೂ ಅಲ್ಲಮನ ಬೆಡಗಿನ ವಚನಗಳನ್ನೂ ಈ ಸಂದರ್ಭದಲ್ಲಿ ಎಳೆದುತರುವವರುಂಟು. ಅದು ಅಷ್ಟು ಸಮರ್ಪಕವಲ್ಲ. ಅವುಗಳ ಗೂಢ ತತ್ತ್ವದಲ್ಲಿದೆ, ಅಕ್ಷರದಲ್ಲಿಲ್ಲ. ಪದಬಂಧಕ್ಕೆ ಹತ್ತಿರದ ನಂಟು ಶ್ಲೇಷ ಮತ್ತು ಪ್ರಹೇಲಿಕೆಗಳದು.

ಹಾಗಾದರೆ ಕನ್ನಡಕ್ಕೂ ಇಂಗ್ಲಿಷಿಗೂ ನಿಜವಾದ ಭೇದ ಎಲ್ಲಿದೆ? ಮನೆಯೊಳಗೆ ಕೂಡುವ ಘಟಕದಲ್ಲಿ. ಇಂಗ್ಲಿಷಿನ ಮನೆಯಲ್ಲಿ ಕೂಡುವುದು ಬರಿಯ ವರ್ಣಚಿಹ್ನೆ. ಕನ್ನಡದ ಮನೆಯಲ್ಲಿ ಕೂಡುವುದು ಸ್ವರವೂ ಒತ್ತೂ ಬಿಂದುವೂ ಕೂಡಿದ ಪೂರ್ಣಾಕ್ಷರ. ಶೇಂಗಾ ಎಂಬುದಕ್ಕೆ ಎರಡೇ ಮನೆ, ಚಂದ್ರನಿಗೂ ಎರಡೇ. ಇಂಗ್ಲಿಷಿನಲ್ಲಿ ‘ಲಿಸನ್’ ಮತ್ತು ‘ಸೈಲೆಂಟ್’ ಎಂಬೆರಡು ಪದಗಳಿಗೂ ಅವೇ ಆರು ಅಕ್ಷರಗಳು. ಕಿವಿಯಿಂದ ಕೇಳಿದವನಿಗೆ ಇದು ಎಂದಿಗೂ ಹೊಳೆಯದು. ಅಲ್ಲಿಯ ಅಕ್ಷರಪಲ್ಲಟ ಕಣ್ಣಿನ ಆಟ. ಕನ್ನಡದ್ದು ಕಣ್ಣಿಗೂ ಕಿವಿಗೂ ಒಂದೇ. ಮಲಯಾಳಂ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹಿಂದಿನಿಂದಲೂ ಮುಂದಿನಿಂದಲೂ ಒಂದೇ ಆಗುತ್ತದೆ; ಕನ್ನಡ ಲಿಪಿಯಲ್ಲಿ ಆಗದು. ವಿಕಟಕವಿ ಕನ್ನಡದಲ್ಲಿ ಎರಡು ಕಡೆಯಿಂದಲೂ ವಿಕಟಕವಿಯೇ. ಇಂಗ್ಲಿಷ್ ಲಿಪಿಗೆ ಹೋದೊಡನೆ ಅವನ ಆಟ ಕೆಡುತ್ತದೆ.

ಇದರಿಂದ ಬಂಧದ ರಚನೆಯ ಮೇಲಾಗುವ ಪರಿಣಾಮ ದೊಡ್ಡದು. ಇಂಗ್ಲಿಷಿನ ಮನೆಗೆ ಇಪ್ಪತ್ತಾರು ಸಾಧ್ಯತೆಗಳು. ಕನ್ನಡದ ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಹಿಡಿದರೆ ೫೧೦, ಒತ್ತಕ್ಷರಗಳು ಬೇರೆ. ಅಮೆರಿಕೆಯ ಪತ್ರಿಕೆಗಳಲ್ಲಿರುವಂತೆ ಪ್ರತಿಯೊಂದು ಮನೆಯೂ ಅಡ್ಡಕ್ಕೊಂದು ಉದ್ದಕ್ಕೊಂದು ಪದಕ್ಕೆ ಸಲ್ಲುವಂತೆ ಕನ್ನಡದಲ್ಲಿ ದೊಡ್ಡ ಬಂಧವನ್ನು ಕಟ್ಟುವುದು ಅತಿ ಕಷ್ಟ. ಕಪ್ಪು ಮನೆಗಳು ಹೆಚ್ಚಾಗುವುದು, ಪದಗಳು ಚಿಕ್ಕವಾಗುವುದು ಅನಿವಾರ್ಯ. ಬಿಡಿಸುವವನಿಗಾದರೋ ಇದೇ ಲಾಭ. ಅಡ್ಡಪದದಿಂದ ಬಂದ ಒಂದು ‘ಕಾ’ ವ್ಯಂಜನದೊಡನೆ ಸ್ವರವನ್ನೂ ಹೇಳಿಬಿಡುತ್ತದೆ. ಅಕ್ಷರವೇ ಇಷ್ಟು ಸಹಾಯ ಮಾಡುವಾಗ ಸೂಚನೆಯೂ ಬರಿಯ ಪರ್ಯಾಯಪದವಾಗಿದ್ದರೆ ಬುದ್ಧಿಗೆ ಉಳಿಯುವ ಕೆಲಸ ಸ್ವಲ್ಪವೇ.

ಇನ್ನು ಉದಾಹರಣೆಗಾಗಿ ಕಟ್ಟಿದ ಕೆಲವು ಸೂಚನೆಗಳನ್ನು ಪರಿಶೀಲಿಸಬಹುದು. ‘ಲೋಕ ಮಲಗಿದಾಗ ಒಳಗೆ ಅಡಗಿದ ಹೂ (೩)’. ಇರುಳಿನಲ್ಲಿ ಮುಚ್ಚಿಕೊಳ್ಳುವ ಯಾವುದೋ ಹೂವಿನ ವರ್ಣನೆಯೆಂದು ಓದುಗನು ಭಾವಿಸುತ್ತಾನೆ. ವಾಕ್ಯವನ್ನು ಸೀಳುವುದೇ ಮೊದಲ ಹೆಜ್ಜೆ. ‘ಹೂ’ ಎಂಬುದು ಅರ್ಥ. ‘ಒಳಗೆ ಅಡಗಿದ’ ಎಂಬುದು ಅಪ್ಪಣೆ. ‘ಲೋಕ ಮಲಗಿದಾಗ’ ಎಂಬುದು ಸಾಮಗ್ರಿ. ಆ ಸಾಮಗ್ರಿಯ ಒಳಗೆ, ಎರಡು ಪದಗಳ ಗಡಿಯನ್ನು ದಾಟಿ, ಕ-ಮ-ಲ ಎಂಬ ಮೂರಕ್ಷರಗಳು ಸಾಲಾಗಿ ಕುಳಿತಿವೆ. ಕಮಲವು ಹೂವೂ ಹೌದು, ಇರುಳಿನಲ್ಲಿ ಮುಚ್ಚುವುದೂ ಹೌದು. ಗಡಿಯನ್ನು ಲೆಕ್ಕಿಸದೆ ಅಕ್ಷರಗಳನ್ನು ಓದುವ ಅಭ್ಯಾಸ ಬಂದವನಿಗೆ ಇದು ಕ್ಷಣದ ಕೆಲಸ. ಬಾರದವನು ಹೂದೋಟವನ್ನೆಲ್ಲ ಸುತ್ತುತ್ತಾನೆ.

‘ಸದಾ ತಿರುಗುವ ಹರಿಭಕ್ತ (೨)’. ತಂಬೂರಿ ಹಿಡಿದು ಊರೂರು ಅಲೆಯುವವನ ಚಿತ್ರ. ‘ತಿರುಗು’ ಎಂಬ ಕ್ರಿಯಾಪದಕ್ಕೆ ಅಲೆಯುವುದೂ ಅರ್ಥ, ಹಿಮ್ಮುಖವಾಗುವುದೂ ಅರ್ಥ. ‘ಸದಾ’ ಎಂಬುದನ್ನು ತಿರುಗಿಸಿದರೆ ‘ದಾಸ’. ‘ಮರಾ’ ಎಂದು ಜಪಿಸಿ ‘ರಾಮ’ನನ್ನು ಪಡೆದ ಬೇಡನ ಕಥೆಯನ್ನು ಕೇಳಿ ಬೆಳೆದವರಿಗೆ ಈ ಉಪಾಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ‘ಹಗಲೆಂದರೆ ಹಿಂದಕ್ಕೆ ಹರಿಯುವ ನದಿ (೨)’ ಎಂಬುದೂ ಇದೇ ಜಾತಿಯದು, ಉತ್ತರ ದಿನ.

ಶ್ಲೇಷವೊಂದರಿಂದಲೇ ನಡೆಯುವ ಸೂಚನೆಗಳಲ್ಲಿ ಎರಡೂ ದಾರಿಗಳು ಅರ್ಥದ ದಾರಿಗಳೇ. ‘ದೊರೆ, ಹುಡುಕು (೩)’ ಎಂದರೆ ಅರಸು. ನಾಮಪದವಾದಾಗ ರಾಜ, ಕ್ರಿಯಾಪದವಾದಾಗ ಶೋಧಿಸು. ದೊರೆ ಎಂಬುದಕ್ಕೂ ಇದೇ ಇಬ್ಬಂದಿ ಇದೆ. ಎರಡೂ ರಾಜವಾಚಕಗಳು, ಧಾತುಗಳಾದಾಗ ಒಂದು ಹುಡುಕುವುದು, ಇನ್ನೊಂದು ಸಿಕ್ಕುವುದು. ಇಂತಹ ಸಂಪತ್ತನ್ನು ಇಟ್ಟುಕೊಂಡು ಭಾಷೆಗೆ ಗೂಢಸೂಚನೆ ಒಗ್ಗದೆನ್ನುವುದು ಹೇಗೆ? ಕನ್ನಡದ ಸಂಖ್ಯಾವಾಚಕಗಳಂತೂ ರಚಕನಿಗಾಗಿಯೇ ಹುಟ್ಟಿದಂತಿವೆ. ‘ಆರರ ಮೇಲೆ ಹಾಸಿಗೆ ಬಿಡು (೨)’ ಎಂಬುದು ಹಿರಿಯರ ಬುದ್ಧಿವಾದದಂತೆ ಕಂಡರೂ, ಆರರ ಮೇಲಿನದೂ ಏಳು, ಹಾಸಿಗೆ ಬಿಡುವುದೂ ಏಳು.

ಪದಗಳನ್ನು ಜೋಡಿಸುವ ಕ್ರಮಕ್ಕೆ ‘ಹಸುವಿನ ಬೆನ್ನಿಗೆ ಕಾಗೆ ಬಂದ ಜಲಪಾತದ ಊರು (೩)’ ಸಾಕು: ಗೋ, ಅದರ ಬೆನ್ನಿಗೆ ಕಾಕ. ಅಕ್ಷರಪಲ್ಲಟಕ್ಕೆ ‘ಮದನ ಕಂಗೆಟ್ಟರೆ ನಿಗ್ರಹ (೩)’, ಉತ್ತರ ದಮನ. ಬೇರೆಬೇರೆಯಾದ ಏಳು ಇಂಗ್ಲಿಷ್ ಅಕ್ಷರಗಳನ್ನು ೫,೦೪೦ ರೀತಿಗಳಲ್ಲಿ ಜೋಡಿಸಬಹುದು. ಕನ್ನಡದ ಮೂರಕ್ಷರಗಳಿಗೆ ಆರೇ ರೀತಿಗಳು. ಆದಕಾರಣ ಪಲ್ಲಟ ಕನ್ನಡದಲ್ಲಿ ದುರ್ಬಲವಾದ ಉಪಾಯವೆಂದು ಒಪ್ಪಲೇಬೇಕು. ತಲೆ ಕತ್ತರಿಸುವ ಉಪಾಯ ಅದಕ್ಕಿಂತ ಲೇಸು, ಮೊದಲಕ್ಷರ ತೆಗೆದರೆ ಏನು, ಕಡೆಯಕ್ಷರ ತೆಗೆದರೆ ಏನು ಎಂಬ ಮಕ್ಕಳ ಒಗಟುಗಳಿಂದ ಅದು ಪರಿಚಿತವೂ ಹೌದು. ‘ತಲೆ ಹೋದ ಕಪಿ ಮನುಷ್ಯ (೨)’: ವಾನರನ ಮೊದಲಕ್ಷರ ಹೋದರೆ ನರ. ಬಾಲ ಹೋಗಿ ಕಪಿ ಮನುಷ್ಯನಾದನೆಂದು ಜನಸಾಮಾನ್ಯರ ವಿಕಾಸವಾದ. ಪದಬಂಧದಲ್ಲಿ ಹೋಗಬೇಕಾದುದು ತಲೆಯೇ.

ಈ ಸೂಚನೆಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಇಂಗ್ಲಿಷಿನಲ್ಲಿ ಅರ್ಥದ ಭಾಗ ಸೂಚನೆಯ ಮೊದಲಿಗೋ ಕೊನೆಗೋ ಸಮಾನವಾದ ಅನುಕೂಲತೆಯಿಂದ ಬರುತ್ತದೆ. ಕನ್ನಡದಲ್ಲಿ ವಿಶೇಷಣಗಳೂ ಕೃದಂತಗಳೂ ವಿಶೇಷ್ಯದ ಹಿಂದೆಯೇ ನಿಲ್ಲುವುದರಿಂದ ಅರ್ಥವು ಸಹಜವಾಗಿ ಕೊನೆಗೆ ಜಾರುತ್ತದೆ: ಹೂ, ಹರಿಭಕ್ತ, ಊರು, ನಿಗ್ರಹ. ಬಿಡಿಸುವವನು ಕೊನೆಯ ಪದವನ್ನು ಮೊದಲು ಹಿಡಿಯುವುದು ಮೇಲು. ಜಾಣನಾದ ರಚಕ ಇದನ್ನರಿತು, ‘ಹಗಲೆಂದರೆ’ ಎಂಬಂತೆ ಅರ್ಥವನ್ನು ಮುಂದಕ್ಕೆ ತರುವ ವಾಕ್ಯಗಳನ್ನು ನಡುನಡುವೆ ಬಳಸಬೇಕು. ವಿಭಕ್ತಿಪ್ರತ್ಯಯಗಳು ಮತ್ತೊಂದು ತೊಡಕು. ವ್ಯಾಕರಣಶುದ್ಧಿಯ ಹಟ ಹಿಡಿದು ‘ಲೋಕವು ಮಲಗಿದಾಗ’ ಎಂದು ಬರೆದರೆ, ಆ ಒಂದು ‘ವು’ ಕಮಲವನ್ನು ನಡುವೆ ಮುರಿದುಹಾಕುತ್ತದೆ. ‘ಮದನನು’ ಎಂದರೆ ಅಕ್ಷರವೊಂದು ಹೆಚ್ಚಾಗುತ್ತದೆ. 

ಸಂಧಿಯ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಬೇಕಾಗಿದೆ. ಕನ್ನಡದ ಸಮಾಸದಲ್ಲಿ ಉತ್ತರಪದದ ಕ, ತ, ಪಗಳು ಗ, ದ, ಬಗಳಾಗುತ್ತವೆ. ನೆಲವನ್ನೂ ಕಡಲೆಯನ್ನೂ ಜೋಡಿಸು ಎಂದು ಅಪ್ಪಣೆಯಿತ್ತರೆ ಬರುವುದು ನೆಲಗಡಲೆ. ‘ಕ’ ‘ಗ’ವಾದುದನ್ನು ರಚಕನು ಹೇಳಬೇಕೆ, ಓದುಗನೇ ತಿಳಿದುಕೊಳ್ಳಬೇಕೆ? ಸಂಧಿಯಲ್ಲಿಯೇ ಅಡಗಿಸುವ ‘ಸಮಾಗತಾ’ವನ್ನು ಒಪ್ಪಿದ ದಂಡಿ ಓದುಗನ ಮೇಲೆ ಭಾರ ಹಾಕಿಯಾನು, ಮ್ಯಾಕ್‌ನಟ್ ಒಪ್ಪುತ್ತಿರಲಿಲ್ಲ. ಎರಡನೆಯವನ ಪಕ್ಷವೇ ಲೇಸೆಂದು ತೋರುತ್ತದೆ, ಏಕೆಂದರೆ ವ್ಯಾಕರಣದ ಪರಿಭಾಷೆಯೇ ಇಲ್ಲಿ ರಚಕನ ನೆರವಿಗೆ ಬರುತ್ತದೆ. ‘ನೆಲ ಸೇರುವಾಗ ಆದೇಶ ಪಡೆದ ಕಡಲೆ, ಎಣ್ಣೆಯ ಬೀಜ (೫)’ ಎಂದು ಬರೆದರೆ, ‘ಆದೇಶ’ವೆಂಬುದು ಸರಕಾರದ ಅಪ್ಪಣೆಯೆಂದು ಒಮ್ಮೆ ಭ್ರಮೆ ಹುಟ್ಟಿಸಿದರೂ, ಆದೇಶಸಂಧಿಯನ್ನು ಶಾಲೆಯಲ್ಲಿ ಓದಿದ ಯಾರಿಗಾದರೂ ದಾರಿ ತೆರೆದಿರುತ್ತದೆ. ಮನೆಯಲ್ಲಿ ಎಂದೂ ಶೇಂಗಾ ಎಂದೇ ಅಂದ ಧಾರವಾಡದವನು, ನೆಲಗಡಲೆ ಎಂಬ ಮಾತನ್ನು ಆ ಕ್ಷಣದವರೆಗೆ ಕೇಳದಿದ್ದರೂ, ಅದನ್ನು ಅಕ್ಷರ ಅಕ್ಷರವಾಗಿ ಕಟ್ಟಿ ಐದು ಮನೆಗಳಲ್ಲಿ ಬರೆಯಬಲ್ಲನು.